ಭತ್ತಕ್ಕೆ ಉಪ್ಪು ತಟ್ಟಿದಾಗ ಟಾನಿಕ್ ಎಷ್ಟು ದಿನ ಕಾಯುತ್ತೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯಿಂದ ಕೇಳ್ತಿರೋರಿಗೂ, ಊರು ಬಿಟ್ಟು ಬೆಂಗಳೂರಲ್ಲಿ ಕೂತು ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ವಿಷಯ ಭತ್ತ ಮತ್ತು ಉಪ್ಪು.

ಬಿತ್ತನೆ ಭತ್ತದಿಂದ ಜಳ್ಳು ಬೇರೆ ಮಾಡೋಕೆ ಉಪ್ಪುನೀರು ಬಳಸೋದು ನಿಮಗೆ ಗೊತ್ತೇ ಇರುತ್ತೆ. ಮೊಟ್ಟೆ ತೇಲುವಷ್ಟು ಉಪ್ಪು ಕರಗಿಸಿದ ನೀರಿಗೆ ಬೀಜ ಸುರಿದರೆ ಜಳ್ಳು ಮೇಲೆ ತೇಲುತ್ತೆ, ಗಟ್ಟಿ ಕಾಳು ತಳ ಸೇರುತ್ತೆ. ಆಮೇಲೆ ಆ ಗಟ್ಟಿ ಕಾಳನ್ನು ಒಳ್ಳೆ ನೀರಲ್ಲಿ ಎರಡು ಮೂರು ಸಲ ತೊಳೀಲೇಬೇಕು, ಇಲ್ಲಾಂದ್ರೆ ಮೊಳಕೆಗೆ ಪೆಟ್ಟು. ಕಾಳಿಗೆ ಅಂಟಿಕೊಂಡ ಅಷ್ಟು ಉಪ್ಪೇ ಬೇಡ ಅನ್ನೋದಾದ್ರೆ, ನಾಲ್ಕು ತಿಂಗಳು ಉಪ್ಪಿನ ಮಣ್ಣಲ್ಲೇ ನಿಲ್ಲಬೇಕಾದ ಭತ್ತದ ಪಾಡೇನು?

ಅಂಥ ಭತ್ತವನ್ನು ಸಸ್ಯ ಹಾರ್ಮೋನು ಮತ್ತು ಪೋಷಕಾಂಶ ಕೊಟ್ಟು ಉಳಿಸಬಹುದಾ ಅನ್ನೋದರ ಬಗ್ಗೆ ಪ್ರಪಂಚದ ಬಹಳ ಕಡೆ ಸಂಶೋಧನೆ ನಡೀತಿದೆ. ಅದೇ ಮಾತಿನ ಬಲದ ಮೇಲೆ ಅಂಗಡಿಗಳಲ್ಲಿ ಟಾನಿಕ್ ಬಾಟಲಿಗಳೂ ಮಾರಾಟ ಆಗ್ತಿವೆ. ನಾನು ಓದಿದ್ದು ಬಿ.ಕಾಂ. ಹಾಗಾಗಿ ವಿಜ್ಞಾನವನ್ನು ಅರ್ಥ ಮಾಡ್ಕೊಳ್ಳೋಕೂ ನಾನು ಜಮಾ-ಖರ್ಚಿನ ದಾರಿಯನ್ನೇ ಹಿಡೀತೀನಿ. ಬನ್ನಿ, ನೋಡೋಣ.

ಮಲೆನಾಡಿಗೂ ಉಪ್ಪಿಗೂ ಏನು ಸಂಬಂಧ?

ಮೊದಲು ಒಂದು ಮಾತು ಸ್ಪಷ್ಟವಾಗಲಿ. ನಮ್ಮ ಮೂರು ತಾಲ್ಲೂಕಿನ ಗದ್ದೆಗಳಲ್ಲಿ ಉಪ್ಪಿನ ಸಮಸ್ಯೆ ಇಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳೋ ಶೃಂಗೇರಿಯಂಥ ಊರಲ್ಲಿ ಉಪ್ಪು ಮಣ್ಣಲ್ಲಿ ಉಳಿಯೋದೇ ಇಲ್ಲ. ಉಪ್ಪಷ್ಟೇ ಅಲ್ಲ, ಸುಣ್ಣ, ಮೆಗ್ನೀಷಿಯಂ, ಪೊಟ್ಯಾಷ್ ಕೂಡ ಮಳೆ ನೀರಿನ ಜೊತೆ ತೊಳೆದು ಹೋಗುತ್ತೆ. ಅದಕ್ಕೇ ನಮ್ಮ ಮಣ್ಣು ಹುಳಿ.

ಆದರೆ ತೊಳೆದು ಹೋದ ನೀರು ಎಲ್ಲಿಗೆ ಹೋಗುತ್ತೆ ನೋಡಿ. ತುಂಗೆ, ಭದ್ರೆ ಎರಡೂ ಹುಟ್ಟೋದು ಗಂಗಾಮೂಲದಲ್ಲಿ. ತುಂಗೆ ಶೃಂಗೇರಿ, ಹರಿಹರಪುರದ ಮೇಲೆ ತೀರ್ಥಹಳ್ಳಿಗೆ ಹೋಗುತ್ತೆ. ಭದ್ರೆ ಕಳಸ, ಬಾಳೆಹೊನ್ನೂರು ದಾಟಿ ಲಕ್ಕವಳ್ಳಿ ಡ್ಯಾಮಿನ ಹಿನ್ನೀರಾಗಿ ನರಸಿಂಹರಾಜಪುರದ ಪಕ್ಕ ನಿಲ್ಲುತ್ತೆ. ಕೂಡ್ಲಿಯಲ್ಲಿ ಎರಡೂ ಸೇರಿ, ಹೊಸಪೇಟೆಯ ತುಂಗಭದ್ರಾ ಜಲಾಶಯ ತುಂಬಿ, ಎಡದಂಡೆ ಕಾಲುವೆಯಲ್ಲಿ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಹರಿಯುತ್ತೆ. ಕರ್ನಾಟಕದ ಭತ್ತದ ಕಣಜ ಅಂತ ಕರೆಯೋದು ಅದನ್ನೇ. ನಮ್ಮಲ್ಲಿ ಎಷ್ಟೋ ಗದ್ದೆಗಳು ಅಡಿಕೆ ತೋಟ ಆಗಿವೆ. ಕೊಪ್ಪದ ಕಿರಾಣಿ ಅಂಗಡಿಯಲ್ಲಿ ನಾವು ಕೊಳ್ಳೋ ಸೋನಾ ಮಸೂರಿಗೆ ಆ ಕಣಜವೇ ಆಧಾರ.

ಉಪ್ಪು ಮೇಲೇಳ್ತಿರೋದು ಅದೇ ಭೂಮಿಯಲ್ಲಿ. ಅಲ್ಲಿನವರ ಬಾಯಲ್ಲಿ ಅದಕ್ಕೆ ಸವಳು-ಜವಳು ಅಂತ ಹೆಸರು. ಸವಳು ಅಂದ್ರೆ ಉಪ್ಪು, ಜವಳು ಅಂದ್ರೆ ನೀರು ನಿಂತು ಹಾಳಾಗೋದು. ಎರಡೂ ಒಟ್ಟಿಗೇ ಬರೋದರಿಂದ ಜೋಡಿ ಪದ. ತುಂಗಭದ್ರಾ ಕಾಲುವೆಯನ್ನು ಯೋಜಿಸಿದ್ದು ಹೆಚ್ಚಾಗಿ ಕಡಿಮೆ ನೀರು ಕೇಳೋ ಬೆಳೆಗಳಿಗೆ. 1953ರಲ್ಲಿ ನೀರು ಹರಿದ ಮೇಲೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹರಡಿಕೊಂಡಿತು. ಕಪ್ಪು ಮಣ್ಣು, ನಿಂತ ನೀರು, ಸುಡು ಬಿಸಿಲು ಮೂರೂ ಸೇರಿದವು.

ಉಪ್ಪಿನ ಜಮಾ-ಖರ್ಚು

ಸಿಹಿ ನೀರಿನಿಂದ ಉಪ್ಪು ಹೇಗೆ ಬರುತ್ತೆ ಅಂತ ಕೇಳಬಹುದು. ಒಂದು ಲೆಕ್ಕ ಹಾಕೋಣ. ಕಾಲುವೆಯ ನೀರಲ್ಲಿ ಲೀಟರಿಗೆ 250 ಮಿಲಿಗ್ರಾಂ ಲವಣ ಇದೆ ಅಂತ ಇಟ್ಕೊಳ್ಳಿ. ಕುಡಿದರೆ ಉಪ್ಪು ಅಂತ ಗೊತ್ತೂ ಆಗಲ್ಲ. ಒಂದು ಬೆಳೆ ಭತ್ತಕ್ಕೆ 1,200 ಮಿಲಿಮೀಟರ್ ನೀರು ಕೊಟ್ಟರೆ ಎಕರೆಗೆ ಸುಮಾರು 48 ಲಕ್ಷ ಲೀಟರ್ ಆಯ್ತು. ಅಷ್ಟು ನೀರಿನ ಜೊತೆ ಗದ್ದೆಗೆ ಬಂದ ಲವಣ ಸುಮಾರು 1,200 ಕೆ.ಜಿ. 50 ಕೆ.ಜಿ. ಚೀಲದ ಲೆಕ್ಕದಲ್ಲಿ 24 ಚೀಲ, ಅದೂ ಒಂದೇ ಬೆಳೆಗೆ.

ಇದು ಜಮಾ. ಖರ್ಚಿನ ಕಡೆ ಇರೋದು ಬಸಿದು ಹೊರಗೆ ಹೋಗೋ ನೀರು ಮಾತ್ರ. ಬಿಸಿಲಿಗೆ ಆವಿಯಾಗೋ ನೀರು ಉಪ್ಪನ್ನು ಹೊತ್ಕೊಂಡು ಹೋಗಲ್ಲ, ಇಲ್ಲೇ ಬಿಟ್ಟು ಹೋಗುತ್ತೆ. ಬಸಿಗಾಲುವೆ ಸರಿ ಇದ್ದರೆ ಲೆಕ್ಕ ಸರಿದೂಗುತ್ತೆ. ಇಲ್ಲದಿದ್ದರೆ ವರ್ಷವರ್ಷ ಬಾಕಿ ಬೆಳೀತಾ ಹೋಗುತ್ತೆ. ಜೊತೆಗೆ ಅಂತರ್ಜಲ ಮೇಲೆದ್ದು, ತಳದಲ್ಲಿ ಮೊದಲಿಂದ ಇದ್ದ ಉಪ್ಪನ್ನೂ ಮೇಲಕ್ಕೆ ತರುತ್ತೆ. ಈ ಲೆಕ್ಕ ನೆನಪಿರಲಿ, ಮುಂದೆ ಟಾನಿಕ್ ವಿಷಯಕ್ಕೆ ಬಂದಾಗ ಬೇಕಾಗುತ್ತೆ.

ಉಪ್ಪು ಗಿಡಕ್ಕೆ ಏನು ಮಾಡುತ್ತೆ?

ಎರಡು ಪೆಟ್ಟು ಕೊಡುತ್ತೆ. ಮೊದಲನೇದು ಅಪ್ಪೆಮಿಡಿ ಉಪ್ಪಿನಕಾಯಿ ಹಾಕೋ ಮನೆಯವರಿಗೆಲ್ಲ ಗೊತ್ತು. ಮಿಡಿಗೆ ಕಲ್ಲುಪ್ಪು ಹಾಕಿ ಭರಣಿಯಲ್ಲಿ ಇಟ್ಟರೆ ಮಿಡಿ ನೀರು ಬಿಟ್ಟು ಚಿರುಟಿಕೊಳ್ಳುತ್ತೆ. ಉಪ್ಪು ಜಾಸ್ತಿ ಇರೋ ಕಡೆಗೆ ನೀರು ಹೋಗುತ್ತೆ, ಅಷ್ಟೇ. ಮಣ್ಣಲ್ಲಿ ಉಪ್ಪು ಹೆಚ್ಚಾದರೆ ಬೇರಿಗೆ ನೀರೆಳೆಯೋದು ಕಷ್ಟ. ಗದ್ದೆ ತುಂಬ ನೀರಿದ್ದರೂ ಗಿಡಕ್ಕೆ ಬರಗಾಲ.

ಎರಡನೇ ಪೆಟ್ಟು ನಿಧಾನ. ಉಪ್ಪಲ್ಲಿರೋ ಸೋಡಿಯಂ ನೋಡೋಕೆ ಪೊಟ್ಯಾಷಿಯಂ ಥರಾನೇ ಇರುತ್ತೆ. ಬೇರಿನ ಬಾಗಿಲಲ್ಲಿ ಪೊಟ್ಯಾಷಿಯಂ ಬರಬೇಕಾದ ಜಾಗದಲ್ಲಿ ಸೋಡಿಯಂ ನುಗ್ಗುತ್ತೆ. ಒಳಗೆ ಹೋದ ಮೇಲೆ ಪೊಟ್ಯಾಷಿಯಂ ಮಾಡೋ ಕೆಲಸ ಮಾತ್ರ ಅದಕ್ಕೆ ಬರಲ್ಲ. ಗಿಡ ಅದನ್ನು ಹಳೇ ಎಲೆಗಳಿಗೆ ತಳ್ಳುತ್ತೆ, ಹಾಗಾಗಿ ಮೊದಲು ಹಳೇ ಎಲೆಯ ತುದಿ ಸುಟ್ಟ ಹಾಗೆ ಒಣಗುತ್ತೆ. ಹೊಸ ಎಲೆ ಹುಟ್ಟೋ ವೇಗಕ್ಕಿಂತ ಹಳೇ ಎಲೆ ಸಾಯೋ ವೇಗ ಹೆಚ್ಚಾದರೆ ಗಿಡ ಸೋತಂತೆ.

ಭತ್ತ ಎಲ್ಲಾ ಹಂತದಲ್ಲೂ ಒಂದೇ ಥರ ಸೋಲಲ್ಲ. ತೆಂಡೆ ಒಡೆಯೋ ಹೊತ್ತಿಗೆ ಸ್ವಲ್ಪ ತಡೆದುಕೊಳ್ಳುತ್ತೆ. ಎಳೇ ಸಸಿ ಆಗಿದ್ದಾಗ, ಮತ್ತೆ ಹೊಡೆ ಕಟ್ಟಿ ಹೂ ಬಿಡೋವಾಗ ಬಹಳ ಸೂಕ್ಷ್ಮ. ಹೂ ಬಿಡೋ ಹೊತ್ತಲ್ಲಿ ಉಪ್ಪು ತಟ್ಟಿದರೆ ತೆನೆ ಬರುತ್ತೆ, ಕಾಳಿರಲ್ಲ, ಬರೀ ಜಳ್ಳು.

ಮಣ್ಣಿನ ಉಪ್ಪನ್ನು ಅಳೆಯೋದು ವಿದ್ಯುತ್ ವಾಹಕತೆಯಿಂದ, ಅದೇ ಇ.ಸಿ. ಮಣ್ಣನ್ನು ನೀರಲ್ಲಿ ಪೂರ್ತಿ ನೆನೆಸಿ ಹಿಂಡಿದ ರಸದಲ್ಲಿ ಇ.ಸಿ. 3 ಇರುವವರೆಗೆ ಭತ್ತಕ್ಕೆ ನಷ್ಟವಿಲ್ಲ. ಅಲ್ಲಿಂದ ಮೇಲೆ ಒಂದೊಂದು ಅಂಕ ಏರಿದಾಗಲೂ ಇಳುವರಿ ಸುಮಾರು ಶೇ. 12ರಷ್ಟು ಇಳಿಯುತ್ತೆ ಅನ್ನೋದು 1977ರಿಂದ ಪ್ರಪಂಚದೆಲ್ಲೆಡೆ ಬಳಕೆಯಲ್ಲಿರೋ ಅಂದಾಜು. ಎಕರೆಗೆ 25 ಕ್ವಿಂಟಾಲ್ ಬರೋ ಗದ್ದೆಯಲ್ಲಿ ಇ.ಸಿ. 5 ಆದರೆ 19 ಕ್ವಿಂಟಾಲ್, 7 ಆದರೆ 13. ಉತ್ತ ಖರ್ಚು, ನಾಟಿ ಕೂಲಿ, ಗೊಬ್ಬರ ಮಾತ್ರ ಅಷ್ಟೇ ಇರುತ್ತೆ.

ಹಾರ್ಮೋನು ಅಂದ್ರೆ ಸಂದೇಶ

ಸಸ್ಯ ಹಾರ್ಮೋನು ಆಹಾರ ಅಲ್ಲ. ಅದು ಗಿಡದ ಒಂದು ಭಾಗ ಇನ್ನೊಂದು ಭಾಗಕ್ಕೆ ಕಳಿಸೋ ಸಂದೇಶ. ಬೇರಿಗೆ ಉಪ್ಪು ತಟ್ಟಿದ ಕೂಡಲೇ ಗಿಡದಲ್ಲಿ ಅಬ್ಸಿಸಿಕ್ ಆಮ್ಲ ಹೆಚ್ಚುತ್ತೆ. ಅದು ಎಲೆಯ ಸಣ್ಣ ರಂಧ್ರಗಳನ್ನು ಮುಚ್ಚಿಸುತ್ತೆ, ನೀರು ಉಳಿಯುತ್ತೆ. ಆದರೆ ರಂಧ್ರ ಮುಚ್ಚಿದರೆ ಗಾಳಿಯೂ ಒಳಗೆ ಬರಲ್ಲ, ಗಿಡ ಆಹಾರ ತಯಾರಿಸೋದು ಕಡಿಮೆ ಆಗುತ್ತೆ. ಅಂದ್ರೆ ರಕ್ಷಣೆಗೂ ಒಂದು ಬೆಲೆ ಇದೆ.

ಗಿಬ್ಬರೆಲಿನ್ ಅನ್ನೋ ಹಾರ್ಮೋನಿನ ಕಥೆ ಶುರುವಾಗಿದ್ದೇ ಭತ್ತದ ಗದ್ದೆಯಲ್ಲಿ. ಜಪಾನಿನಲ್ಲಿ ಕೆಲವು ಸಸಿಗಳು ಉದ್ದಕ್ಕೆ ಪೀಚಲಾಗಿ ಬೆಳೆದು ಬೀಳೋ ರೋಗ ಇತ್ತು. ಅಲ್ಲಿ ಅದನ್ನು ಪೆದ್ದು ಸಸಿ ರೋಗ ಅಂತ ಕರೀತಿದ್ದರು. 1926ರಲ್ಲಿ ಎಯಿಚಿ ಕುರೊಸಾವಾ ಅನ್ನೋ ವಿಜ್ಞಾನಿ, ಶಿಲೀಂಧ್ರ ಬಿಡೋ ಒಂದು ವಸ್ತುವಿನಿಂದಲೇ ಸಸಿ ಹೀಗೆ ಬೆಳೆಯುತ್ತೆ ಅಂತ ತೋರಿಸಿದರು. ಮುಂದೆ ಅದಕ್ಕೆ ಗಿಬ್ಬರೆಲಿನ್ ಅಂತ ಹೆಸರಾಯಿತು. ಉಪ್ಪಿನಲ್ಲಿ ಮೊಳಕೆ ಮಂಕಾದ ಬೀಜವನ್ನು ಬಹಳ ತೆಳುವಾದ ಗಿಬ್ಬರೆಲಿಕ್ ಆಮ್ಲದ ನೀರಲ್ಲಿ ನೆನೆಸಿದರೆ ಮೊಳಕೆ ಚುರುಕಾಗುತ್ತೆ. ಜಾಸ್ತಿಯಾದರೆ? ಆ ಪೆದ್ದು ಸಸಿಯೇ ಉತ್ತರ.

ಸಂಶೋಧನೆಗಳಲ್ಲಿ ಪದೇ ಪದೇ ಬರೋ ಇನ್ನೊಂದು ಹೆಸರು ಸ್ಯಾಲಿಸಿಲಿಕ್ ಆಮ್ಲ, ಆಸ್ಪಿರಿನ್ ಮಾತ್ರೆಯ ಹತ್ತಿರದ ನೆಂಟ. ಉಪ್ಪಿನ ಒತ್ತಡದಲ್ಲಿ ಜೀವಕೋಶಗಳ ಒಳಗೆ ತುಕ್ಕು ಹಿಡಿದ ಹಾಗೆ ಒಂದು ಹಾನಿ ನಡೆಯುತ್ತೆ. ಅದನ್ನು ತಡೆಯೋ ಕಿಣ್ವಗಳನ್ನು ಇದು ಎಚ್ಚರಿಸುತ್ತೆ. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸೋ ಪ್ರಮಾಣ ಲೀಟರ್ ನೀರಿಗೆ ಸುಮಾರು 70ರಿಂದ 140 ಮಿಲಿಗ್ರಾಂ, ಅಂದ್ರೆ ಒಂದು ಚಿಟಿಕೆಗಿಂತ ಕಡಿಮೆ. ಬ್ರಾಸಿನೊಸ್ಟೀರಾಯ್ಡ್ ಅನ್ನೋ ಗುಂಪಿನ ಹಾರ್ಮೋನುಗಳು ಇದಕ್ಕಿಂತಲೂ ತೀರಾ ಕಡಿಮೆ ಪ್ರಮಾಣದಲ್ಲಿ ಕೆಲಸ ಮಾಡುತ್ತವೆ. ಹಾರ್ಮೋನಿನಲ್ಲಿ ಎರಡರಷ್ಟು ಹಾಕಿದರೆ ಎರಡರಷ್ಟು ಫಲ ಅನ್ನೋ ಲೆಕ್ಕ ನಡೆಯಲ್ಲ, ಪ್ರಮಾಣ ಮೀರಿದರೆ ಫಲ ಉಲ್ಟಾ ಆಗುತ್ತೆ.

ಪೋಷಕಾಂಶದ ಪಾತ್ರ

ಪೋಷಕಾಂಶ ಸಂದೇಶ ಅಲ್ಲ, ಸಾಮಗ್ರಿ. ಉಪ್ಪಿನ ಗದ್ದೆಯಲ್ಲಿ ನಾಲ್ಕು ಹೆಸರು ಮುಖ್ಯ.

ಮೊದಲನೇದು ಪೊಟ್ಯಾಷಿಯಂ. ಬೇರಿನ ಬಾಗಿಲಲ್ಲಿ ಸೋಡಿಯಂಗೆ ಪೈಪೋಟಿ ಕೊಡೋದು ಇದೇ. ಎಲೆಯಲ್ಲಿ ಸೋಡಿಯಂಗಿಂತ ಪೊಟ್ಯಾಷಿಯಂ ಮೇಲುಗೈ ಆಗಿದ್ದರೆ ಗಿಡ ಬದುಕುತ್ತೆ. ಆದರೆ ನಾವೆಲ್ಲ ಪೊಟ್ಯಾಷ್ ಅಂತ ತರೋ ಕೆಂಪು ಗೊಬ್ಬರ ಪೊಟ್ಯಾಷಿಯಂ ಕ್ಲೋರೈಡ್. ಅದೂ ಒಂದು ಲವಣವೇ. ಉಪ್ಪಿನ ಮಣ್ಣಿಗೆ ಪೊಟ್ಯಾಷಿಯಂ ಸಲ್ಫೇಟ್ ವಾಸಿ.

ಎರಡನೇದು ಕ್ಯಾಲ್ಸಿಯಂ. ಬೇರಿನ ಪೊರೆಯನ್ನು ಬಿಗಿಯಾಗಿಟ್ಟು ಸೋಡಿಯಂ ಸೋರದ ಹಾಗೆ ನೋಡ್ಕೊಳ್ಳುತ್ತೆ. ಸೋಡಿಯಂ ಮಣ್ಣಿನ ಕಣಕ್ಕೇ ಅಂಟಿಕೊಂಡು, ರಸಸಾರ 8.5 ದಾಟಿದ ಕ್ಷಾರ ಮಣ್ಣಾದರೆ ಜಿಪ್ಸಂ ಬೇಕು. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂನನ್ನು ಕಣದಿಂದ ಬಿಡಿಸುತ್ತೆ. ಬಿಡಿಸಿದ್ದನ್ನು ಹೊರಗೆ ಸಾಗಿಸೋಕೆ ಮತ್ತೆ ನೀರು, ಬಸಿಗಾಲುವೆ ಎರಡೂ ಬೇಕು.

ಮೂರನೇದು ಸತು, ನಮ್ಮಲ್ಲಿ ಜಿಂಕ್ ಅಂತಲೇ ಹೇಳ್ತಾರೆ. ಸುಣ್ಣ, ಕ್ಷಾರ ಹೆಚ್ಚಿರೋ ಗದ್ದೆಯಲ್ಲಿ ಸತು ಇದ್ದರೂ ಗಿಡಕ್ಕೆ ಸಿಗಲ್ಲ. ಎಲೆ ಕಂದು ಚುಕ್ಕೆಯಾಗಿ ಸಸಿ ಕುಗ್ಗೋ ಖೈರಾ ರೋಗಕ್ಕೆ ಸತುವಿನ ಕೊರತೆಯೇ ಕಾರಣ ಅಂತ 1966ರಲ್ಲಿ ಪಂತನಗರದ ವಿಜ್ಞಾನಿ ವೈ.ಎಲ್. ನೆನೆ ತೋರಿಸಿದರು. ರೋಗ ಅಂದ್ಕೊಂಡಿದ್ದು ಹಸಿವು ಅಂತ ಗೊತ್ತಾದ ಮೇಲೆ ಜಿಂಕ್ ಸಲ್ಫೇಟ್ ಅಷ್ಟೇ ಸಾಕಾಯ್ತು.

ನಾಲ್ಕನೇದು ಸಿಲಿಕಾನ್. ಭತ್ತದಷ್ಟು ಸಿಲಿಕಾನ್ ಹೀರೋ ಬೆಳೆ ಕಡಿಮೆ. ಭತ್ತದ ಎಲೆ ಕೈ ಗೀರೋದು, ಉಮಿ ಒರಟಾಗಿರೋದು ಇದರಿಂದಲೇ. ಉಮಿ ಸುಟ್ಟ ಬೂದಿಯಲ್ಲಿ ಬಹುಪಾಲು ಇರೋದು ಸಿಲಿಕಾವೇ. ಇದು ಬೇರಿನ ಒಳಗೋಡೆಯಲ್ಲಿ ಗಾರೆ ಮೆತ್ತಿದ ಹಾಗೆ ಕೂತು, ಸೋಡಿಯಂ ಸಂದಿಯಲ್ಲಿ ನುಸುಳೋದನ್ನು ಕಡಿಮೆ ಮಾಡುತ್ತೆ.

ಶೇಕಡಾ ಎಷ್ಟರ ಮೇಲೆ?

ಇಲ್ಲಿವರೆಗೆ ಹೇಳಿದ್ದೆಲ್ಲ ನಿಜವಾದ ವಿಜ್ಞಾನ. ಹಾಗಾದ್ರೆ ಟಾನಿಕ್ ಹೊಡೆದು ಉಪ್ಪು ಗೆಲ್ಲಬಹುದಲ್ವಾ? ಇಲ್ಲಿ ಸ್ವಲ್ಪ ನಿಧಾನಿಸಿ.

ಇಂಥ ಪ್ರಯೋಗಗಳು ಹೆಚ್ಚಾಗಿ ನಡೆಯೋದು ಕುಂಡದಲ್ಲಿ ಅಥವಾ ಪೋಷಕಾಂಶ ಕರಗಿಸಿದ ನೀರಿನ ತಟ್ಟೆಯಲ್ಲಿ. ಉಪ್ಪು ಎಷ್ಟಿರಬೇಕು ಅಂತ ಸಂಶೋಧಕರೇ ನಿರ್ಧರಿಸಿರ್ತಾರೆ, ಎಲ್ಲಾ ಗಿಡಕ್ಕೂ ಸಮ. ಎರಡು ಮೂರು ವಾರದ ಸಸಿ ನೋಡಿ ಫಲಿತಾಂಶ ಬರೀತಾರೆ. ಗದ್ದೆಯಲ್ಲಿ ಹಾಗಲ್ಲ. ಒಂದೇ ಮಡಿಯ ಈ ಮೂಲೆಯಲ್ಲಿ ಇ.ಸಿ. 3 ಇದ್ದರೆ ಆ ಮೂಲೆಯಲ್ಲಿ 8 ಇರಬಹುದು. ಒಂದು ಮಳೆ ಬಂದರೆ ಇಳಿಯುತ್ತೆ, ಹತ್ತು ದಿನ ಬಿಸಿಲು ಬಿದ್ದರೆ ಏರುತ್ತೆ.

ಇನ್ನೊಂದು, ಶೇಕಡಾವಾರು ಮಾತು. ಉದಾಹರಣೆಗೆ, ಒಳ್ಳೆ ಮಣ್ಣಲ್ಲಿ 25 ಕ್ವಿಂಟಾಲ್ ಬರೋ ಎಕರೆಯಲ್ಲಿ ಉಪ್ಪಿನಿಂದ 10 ಕ್ವಿಂಟಾಲ್ ಮಾತ್ರ ಬರ್ತಿದೆ ಅನ್ನಿ. ಸಿಂಪಡಣೆಯಿಂದ ಶೇ. 20 ಹೆಚ್ಚಳ ಅಂದ್ರೆ ಬಂದಿದ್ದು 12 ಕ್ವಿಂಟಾಲ್. ಕೇಳೋಕೆ ಶೇ. 20, ಕೈಗೆ ಸಿಕ್ಕಿದ್ದು ಎರಡು ಕ್ವಿಂಟಾಲ್. 2025-26ರ ಬೆಂಬಲ ಬೆಲೆ ಸಾಮಾನ್ಯ ಭತ್ತಕ್ಕೆ ಕ್ವಿಂಟಾಲಿಗೆ 2,369 ರೂಪಾಯಿ. ಅಂದ್ರೆ 4,738 ರೂಪಾಯಿ. ಅದರಲ್ಲಿ ಬಾಟಲಿಯ ಬೆಲೆ, ಹೊಡೆಯೋ ಕೂಲಿ ಕಳೆದು ನೋಡಿ. ಉಳಿದರೆ ಲಾಭವೇ, ಬೇಡ ಅನ್ನಲ್ಲ. ಆದರೆ ಉಪ್ಪಿಂದ ಕಳೆದುಹೋದ 15ರಲ್ಲಿ 13 ಕ್ವಿಂಟಾಲ್ ಇನ್ನೂ ಬಾಕಿ ಇದೆ.

ಈಗ ಆ 24 ಚೀಲದ ಲೆಕ್ಕಕ್ಕೆ ಬನ್ನಿ. ಹಾರ್ಮೋನು ಹೊಡೆದರೆ ಮಣ್ಣಿಂದ ಒಂದು ಚೀಲ ಉಪ್ಪಾದರೂ ಹೊರಗೆ ಹೋಯ್ತಾ? ಇಲ್ಲ. ಬ್ಯಾಂಕಿನ ಭಾಷೆಯಲ್ಲಿ ಹೇಳೋದಾದ್ರೆ, ಟಾನಿಕ್ ಬಡ್ಡಿ ಕಟ್ಟೋಕೆ ಸಹಾಯ ಮಾಡುತ್ತೆ, ಅಸಲು ಹಾಗೇ ಇರುತ್ತೆ. ಅಸಲು ತೀರಿಸೋದು ಬಸಿಗಾಲುವೆ, ಉಪ್ಪು ತೊಳೆಯೋ ನೀರು, ಕಾಲುವೆ ನೀರಿನ ಹದ ಬಳಕೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು ಭೂಮಿಯ ಅಖಿಲ ಭಾರತ ಸಮನ್ವಯ ಯೋಜನೆಯ ಒಂದು ಕೇಂದ್ರ. ಅಲ್ಲಿ ನೆಲದಡಿ ಬಸಿಯುವ ಪೈಪುಗಳ ಮೇಲೆ ಅಷ್ಟೊಂದು ಕೆಲಸ ಆಗಿರೋದು ಇದೇ ಕಾರಣಕ್ಕೆ. ಅದಕ್ಕೆ ಖರ್ಚು ದೊಡ್ಡದು, ಅಕ್ಕಪಕ್ಕದವರೆಲ್ಲ ಒಟ್ಟಾಗಬೇಕು. ಒಬ್ಬರೇ ಹೋಗಿ ತರಬಹುದಾದ್ದು ಬಾಟಲಿ ಮಾತ್ರ. ಬಾಟಲಿ ಬೇಗ ಮಾರಾಟ ಆಗೋದು ಅದಕ್ಕೇ.

ಬಡ್ಡಿ ಕಟ್ಟೋದೂ ಬೇಕಾಗುತ್ತೆ, ಅದನ್ನು ಹಗುರ ಮಾಡಲ್ಲ. ಸಸಿಗೆ ಹದಿನೈದು ದಿನ ತಡೆದುಕೊಳ್ಳೋ ಶಕ್ತಿ ಸಿಕ್ಕಿ, ಅಷ್ಟರಲ್ಲಿ ಒಳ್ಳೆ ಮಳೆ ಬಂದು ಉಪ್ಪು ಇಳಿದರೆ ಆ ಬೆಳೆ ಉಳಿಯುತ್ತೆ. ಹಾಗಾಗಿ ಬೀಜ ನೆನೆಸೋ ಹಂತದಲ್ಲಿ, ಹೂವಿಗೆ ಮೊದಲು ಕೊಟ್ಟರೆ ಅರ್ಥ ಇದೆ. ವಾರವಾರ ಹೊಡೆಯೋದಕ್ಕೆ ಇಲ್ಲ.

ಕುಮಟಾದ ಕಗ್ಗ

ಯಾವ ಟಾನಿಕ್ಕೂ ಇಲ್ಲದೆ ಉಪ್ಪಿನಲ್ಲಿ ಬೆಳೆಯೋ ಭತ್ತ ನಮ್ಮ ರಾಜ್ಯದಲ್ಲೇ ಇದೆ. ಉತ್ತರ ಕನ್ನಡದ ಕುಮಟಾ ಹತ್ತಿರ ಅಘನಾಶಿನಿ ಸಮುದ್ರ ಸೇರೋ ಜಾಗದಲ್ಲಿ ಗಜನಿ ಭೂಮಿ ಇದೆ, ಉಬ್ಬರ ಬಂದಾಗ ಉಪ್ಪುನೀರು ನುಗ್ಗೋ ಗದ್ದೆಗಳು. ಮಾಣಿಕಟ್ಟಾ ಸುತ್ತಮುತ್ತ ಅಲ್ಲಿ ಬೆಳೆಯೋ ತಳಿಯೇ ಕಗ್ಗ. ಮಳೆಗಾಲದ ನೀರು ಉಪ್ಪನ್ನು ತೆಳು ಮಾಡಿದ ಹೊತ್ತಲ್ಲೇ ಬೆಳೆ ತೆಗೀತಾರೆ, ಆಮೇಲೆ ಅದೇ ಗದ್ದೆಯಲ್ಲಿ ಸೀಗಡಿ, ಮೀನು. ಅಂದ್ರೆ ತಳಿಯ ಶಕ್ತಿ, ಮಳೆಯ ತೊಳೆತ ಎರಡೂ ಸೇರಿದಾಗಲೇ ಕಗ್ಗ ಗೆಲ್ಲೋದು.

ಕೇರಳದ ಪೊಕ್ಕಾಳಿ ಇದೇ ಥರದ ತಳಿ. ಅದರ ಒಂದನೇ ವರ್ಣತಂತುವಿನಲ್ಲಿ ಸಾಲ್ಟಾಲ್ ಅನ್ನೋ ಭಾಗವನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಸೋಡಿಯಂ ಎಲೆಗೆ ಏರದ ಹಾಗೆ ಬೇರು, ಕಾಂಡದಲ್ಲೇ ತಡೆಯೋ ಗುಣ ಅಲ್ಲಿದೆ. ಅದನ್ನು ಬೇರೆ ತಳಿಗಳಿಗೆ ಸಂಕರದಿಂದ ತರ್ತಿದ್ದಾರೆ. ಬೀಜದಲ್ಲೇ ಆ ಗುಣ ಇದ್ದರೆ ಪ್ರತಿ ವರ್ಷ ಬಾಟಲಿ ಕೊಳ್ಳೋ ಖರ್ಚಿಲ್ಲ.

ಹಾಗಾದ್ರೆ ನಮ್ಮ ಗದ್ದೆಗೆ?

ಮಲೆನಾಡಲ್ಲಿ ಭತ್ತ ಬೆಳೆಯೋರಿಗೆ ಇದರಿಂದ ಏನು ಉಪಯೋಗ? ಬಾಟಲಿ ಕೊಳ್ಳೋ ಮುಂಚೆ ಮಣ್ಣಿನ ಆರೋಗ್ಯ ಕಾರ್ಡ್ ತೆಗೆದು ನೋಡಿ. 2015ರಲ್ಲಿ ಶುರುವಾದ ಈ ಕಾರ್ಡಲ್ಲಿ 12 ಅಂಶ ಇರುತ್ತೆ. ಅದರಲ್ಲಿ ರಸಸಾರ, ಇ.ಸಿ. ಎರಡೂ ಇವೆ. ಕಾರ್ಡಿನ ಇ.ಸಿ.ಯನ್ನು ಮಣ್ಣಿಗೆ ಹೆಚ್ಚು ನೀರು ಬೆರೆಸಿ ಅಳೀತಾರೆ, ಹಾಗಾಗಿ ಅಂಕಿ ಚಿಕ್ಕದಾಗಿ ಬರುತ್ತೆ. ಅಲ್ಲಿ 1ಕ್ಕಿಂತ ಕಡಿಮೆ ಇದ್ದರೆ ಉಪ್ಪಿನ ಚಿಂತೆ ಬೇಡ. ನಮ್ಮ ಕಡೆ ಅದಕ್ಕಿಂತ ಬಹಳ ಕೆಳಗಿರುತ್ತೆ. ಉಪ್ಪಿನ ಒತ್ತಡ ತಡೆಯುತ್ತೆ ಅಂತ ಮಾರೋ ಬಾಟಲಿಯಿಂದ ಉಪ್ಪೇ ಇಲ್ಲದ ಗದ್ದೆಗೆ ಸಿಗೋದೇನು?

ನಮ್ಮ ತೊಂದರೆ ಬೇರೆ. ನೀರು ನಿಲ್ಲೋ ತಗ್ಗು ಗದ್ದೆಯಲ್ಲಿ ನೀರಿನ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಪೊರೆ, ಕೆಳಗೆ ತುಕ್ಕಿನ ಬಣ್ಣದ ಕೆಸರು, ಎಲೆಯಲ್ಲಿ ಕಂದು ಚುಕ್ಕೆ ಕಂಡರೆ ಅದು ಕಬ್ಬಿಣ ಹೆಚ್ಚಾಗಿರೋ ಲಕ್ಷಣ. ಅದಕ್ಕೆ ಮದ್ದು ಸುಣ್ಣ, ಪೊಟ್ಯಾಷ್, ಮತ್ತೆ ನೀರು ಬಸಿಯೋದು. ಗಂಗಾವತಿಯ ಉಪ್ಪಿಗೂ ನಮ್ಮ ಕಬ್ಬಿಣಕ್ಕೂ ಬಸಿಗಾಲುವೆ ಮಾತ್ರ ಬೇಕೇ ಬೇಕು.

ಟಾನಿಕ್ ಕೊಳ್ಳಲೇಬೇಕು ಅಂದ್ರೆ ಲೇಬಲ್ ಓದಿ. ಜೈವಿಕ ಪ್ರಚೋದಕಗಳನ್ನು, ಅಂದ್ರೆ ಬಯೋಸ್ಟಿಮುಲಂಟ್‌ಗಳನ್ನು, 2021ರಲ್ಲಿ ಕೇಂದ್ರ ಸರ್ಕಾರ ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ತಂದಿದೆ. ಗಿಬ್ಬರೆಲಿಕ್ ಆಮ್ಲದಂಥ ಬೆಳವಣಿಗೆ ನಿಯಂತ್ರಕಗಳಿಗೆ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಬೇಕು. ಒಳಗೆ ಏನಿದೆ, ಎಷ್ಟಿದೆ, ಯಾವುದರ ಕೆಳಗೆ ಅನುಮತಿ ಅಂತ ಇಲ್ಲದ ಬಾಟಲಿಯನ್ನು ವಾಪಸ್ ಇಡಿ. ಬಿಲ್ ಕೇಳಿ. ಹೊಡೆಯೋವಾಗ ಒಂದು ಮಡಿಯನ್ನು ಹೊಡೆಯದೇ ಬಿಡಿ, ಕೊಯ್ಲಲ್ಲಿ ಎರಡನ್ನೂ ಬೇರೆ ಬೇರೆ ತೂಗಿ. ನಿಮ್ಮ ಗದ್ದೆಯ ಬಗ್ಗೆ ಆ ತೂಕಕ್ಕಿಂತ ದೊಡ್ಡ ಸಾಕ್ಷಿ ಬೇರೆ ಇಲ್ಲ.

ನಾವು ಭತ್ತ ಬಿಟ್ಟು ಅಡಿಕೆ ಹಾಕಿದಷ್ಟೂ ನಮ್ಮ ಊಟದ ತಟ್ಟೆ ಆ ಕಾಲುವೆ ಸೀಮೆಯ ಮಣ್ಣನ್ನು ನಂಬ್ಕೊಳ್ಳುತ್ತೆ. ಅಲ್ಲಿನ ಬಸಿಗಾಲುವೆಗೆ ಸರ್ಕಾರ ಎಷ್ಟು ದುಡ್ಡು ಇಡುತ್ತೆ ಅನ್ನೋದು ಶೃಂಗೇರಿಯ ಅಡುಗೆ ಮನೆಗೂ ಸಂಬಂಧಪಟ್ಟ ವಿಷಯ.

ಇವತ್ತಿಗೆ ಇಷ್ಟು. ನಿಮ್ಮ ಕಾರ್ಡಿನ ರಸಸಾರ, ಇ.ಸಿ. ಎಷ್ಟಿದೆ ಅಂತ ನೋಡಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹುಳಿ ಮಣ್ಣಿಗೆ ಸುಣ್ಣ ಯಾವಾಗ, ಎಷ್ಟು ಅನ್ನೋ ಲೆಕ್ಕ ಮಾಡೋಣ.